ಹಿಂದೆ ನಿಂತಿದ್ದ ನಾಳ

ನೆನೆಸಿದ ಅಕ್ಕಿ ರುಬ್ಬಲು ತಯಾರಾಗಿದೆಯೇ ಎಂದು ನನ್ನ ಗಂಡ ಪರೀಕ್ಷಿಸುತ್ತಿದ್ದುದು ಹಲ್ಲಿನಿಂದ. ಪಾತ್ರೆಯಿಂದ ಒಂದು ಕಾಳು ತೆಗೆದು ಬಲಗಡೆಯ ದವಡೆ ಹಲ್ಲುಗಳ ನಡುವೆ ಇಟ್ಟು ಒತ್ತುತ್ತಿದ್ದರು. ಸದ್ದಿಲ್ಲದೆ ಮುರಿದರೆ ಗ್ರೈಂಡರಿಗೆ ಹಾಕಬಹುದು, ಕಟ್ ಎಂದರೆ ಇನ್ನೂ ಹೊತ್ತಿದೆ. ರುಬ್ಬುವಾಗ ಬೆರಳ ತುದಿಯಷ್ಟು ಹಿಟ್ಟು ಮತ್ತೆ ಅದೇ ಜಾಗಕ್ಕೆ ಹೋಗುತ್ತಿತ್ತು. ಇಡ್ಲಿಯ ಅಕ್ಕಿ ತೀರಾ ನುಣ್ಣಗಾಗಬಾರದು, ಮರಳಿನಂತೆಯೂ ಇರಬಾರದು. ನಡುವಿನ ಆ ತರಿ ಎಷ್ಟಿರಬೇಕು ಎಂಬುದು ಅವರ ತಲೆಯಲ್ಲಿರಲಿಲ್ಲ, ಆ ಹಲ್ಲಿನಲ್ಲಿತ್ತು. ಪುಣೆಯ ಹತ್ತಿರ ಸೈನಿಕರ ನೆಲೆಯಿರುವ ದೇಹೂ ರೋಡಿನ ನಮ್ಮ ಹೋಟೆಲು ನಿಂತಿದ್ದೇ ಮೇಲಿನ ಸಾಲಿನ ಬಲಬದಿಯ ಒಂದು ದವಡೆ ಹಲ್ಲಿನ ಮೇಲೆ ಎಂದರೆ ಅತಿಯಾದೀತು, ಬಹಳ ಅತಿಯಲ್ಲ. ಎಡಗಡೆ ಕೆಳಗಿನ ಎರಡು ಹಲ್ಲು ಎಂದೋ ಹೋಗಿದ್ದವು. ಆ ಕಡೆ ಮೇಲಿನ ಹಲ್ಲಿಗೆ ಎದುರಾಳಿಯೇ ಇರಲಿಲ್ಲ.

ಈ ಒಂದು ಹಲ್ಲೂ ಹೋಗುವುದರಲ್ಲಿತ್ತು. ಆ ತಿಂಗಳುಗಳನ್ನು ಬರೆಯಲು ಕುಳಿತಿದ್ದೇನೆ.

ನೋವು ಯಾವಾಗ ಶುರುವಾಯಿತು ಎಂದು ಕೇಳಿಕೊಂಡರೆ ನನ್ನ ನೆನಪು ತಕ್ಷಣ ಒಂದು ಮಳೆಗಾಲದ ಸಂಜೆಯನ್ನು ಎದುರಿಗಿಡುತ್ತದೆ. ಲೋಣಾವಳಾದಿಂದ ಯಾರೋ ತಂದ ಶೇಂಗಾ ಚಿಕ್ಕಿ, ಅದನ್ನು ಕಚ್ಚಿದ ಇವರು, ಕೆನ್ನೆಗೆ ಹೋದ ಕೈ. ಒಳ್ಳೆಯ ಚಿತ್ರ. ಇವರನ್ನು ಕೇಳಿದರೆ ಆ ವರ್ಷ ಚಿಕ್ಕಿ ಮುಟ್ಟಿಯೇ ಇಲ್ಲ ಎನ್ನುತ್ತಾರೆ. ಬಿಸಿ ಕಾಫಿ ಕುಡಿದಾಗ ಮೊದಲು ಗೊತ್ತಾದದ್ದಂತೆ, ಅದೂ ಬೇಸಿಗೆಯಲ್ಲಿ. ನೋವಿಗೊಂದು ಗಟ್ಟಿ ಕಾರಣ ಇರಲಿ ಎಂದು ನನ್ನ ಮನಸ್ಸೇ ಎಲ್ಲೋ ಒಂದು ಅಂಗಡಿಗೆ ಹೋಗಿ ಆ ಚಿಕ್ಕಿಯನ್ನು ಕೊಂಡು ತಂದಿರಬೇಕು. ಹಾಗಾಗಿ ಚಿಕ್ಕಿಯನ್ನು ಹೊಡೆದುಹಾಕುತ್ತೇನೆ. ಹಲ್ಲು ನೋಯಲು ಶುರುವಾಯಿತು. ಅಷ್ಟು ನಿಜ.

ನಾನು ಧಾರವಾಡದವಳು. ಪುಣೆಯ ಶಿವಾಜಿನಗರದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ದಿನವೂ ಲೋಕಲ್ ರೈಲು ಹಿಡಿದು ಹೋಗಿ ಬರುತ್ತೇನೆ. ಇವರು ಕುಂದಾಪುರದ ಕಡೆಯವರು, ಚಿಕ್ಕ ವಯಸ್ಸಿನಲ್ಲೇ ಹೋಟೆಲ್ ಕೆಲಸಕ್ಕೆಂದು ಈ ಊರಿಗೆ ಬಂದವರು. ಮನೆಯಲ್ಲಿ ಎರಡು ಕನ್ನಡ, ಹೊರಗೆ ಒಂದು ಮರಾಠಿ. ಮದುವೆಯ ಹೊಸತರಲ್ಲಿ ನನ್ನ ಮಾತು ಜಗಳದ ಹಾಗೆ ಕೇಳಿಸುತ್ತದೆ ಎಂದು ಇವರು ಹೇಳುತ್ತಿದ್ದರು. ಈಗ ಹಾಗೆ ಹೇಳುವುದಿಲ್ಲ. ಜಗಳ ಆಡಿದಾಗಲೂ ಮಾತಾಡಿದೆ ಅಂದುಕೊಳ್ಳುತ್ತಾರೆ.

ಹಲ್ಲಿನ ಡಾಕ್ಟರರ ದವಾಖಾನೆ ನಮ್ಮ ಹೋಟೆಲಿನ ಮೇಲಿನ ಮಹಡಿಯಲ್ಲೇ ಇದೆ. ಮರಾಠಿಯವರು, ಇವರಿಗಿಂತ ಒಂದೈದಾರು ವರ್ಷ ಚಿಕ್ಕವರಿರಬೇಕು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಕೆಳಗೆ ಬಂದು ಗೋಡೆಯ ಪಕ್ಕದ ಟೇಬಲ್ಲಿನಲ್ಲಿ ಇಡ್ಲಿ ತಿಂದು, ಕೌಂಟರಿನ ಮುಂದೆ ನಿಂತು "ಛಾನ್, ಅಣ್ಣಾ", ಚೆನ್ನಾಗಿದೆ ಎಂದು ಹೇಳಿ ಮೆಟ್ಟಿಲು ಹತ್ತುವುದು ಅವರ ಪದ್ಧತಿ. ಇವರಿಗೆ ಊರೆಲ್ಲ ಅಣ್ಣಾ ಎನ್ನುತ್ತದೆ. ಹೋಟೆಲಿನ ಕೌಂಟರಿನಲ್ಲಿ ಕುಳಿತ ಕರಾವಳಿಯವರಿಗೆಲ್ಲ ಪುಣೆಯಲ್ಲಿ ಅದೇ ಹೆಸರು.

ಆ ಡಾಕ್ಟರರೇ ಹಲ್ಲಿಗೆ ರೂಟ್ ಕೆನಾಲ್ ಮಾಡಿದರು. ಎಂದರೆ, ಹಲ್ಲನ್ನು ಕಚ್ಚುವ ಬದಿಯಿಂದ ಕೊರೆದು, ಬೇರುಗಳೊಳಗಿನ ಸಣ್ಣ ನಾಳಗಳಲ್ಲಿ ಕೆಟ್ಟಿದ್ದ ನರವನ್ನು ತೆಗೆದು, ತೊಳೆದು, ಅವುಗಳನ್ನು ತುಂಬಿ ಮುಚ್ಚಿದರು. ಮೂರು ಬೇರು, ಮೂರು ನಾಳ. ಮೇಲೆ ಒಂದು ಕ್ಯಾಪ್. ಎಕ್ಸ್-ರೇಯಲ್ಲಿ ಮೂರು ಬಿಳಿ ಗೆರೆಗಳು ಅಚ್ಚುಕಟ್ಟಾಗಿ ಇಳಿದಿದ್ದವು. ನಾನೂ ನೋಡಿದೆ. ಅಷ್ಟು ಅಚ್ಚುಕಟ್ಟಾದದ್ದನ್ನು ಕಂಡರೆ ನನಗೆ ಅನುಮಾನ ಬರುತ್ತದೆ ಎಂದು ಈಗ ಬರೆಯಬಹುದು. ಅಂದು ಯಾವ ಅನುಮಾನವೂ ಬರಲಿಲ್ಲ. ಚೆನ್ನಾಗಿದೆ ಅಂದುಕೊಂಡು ಲೋಕಲ್ ಹಿಡಿದೆ.

"ಕಸಂ ವಾಟತಂಯ, ಅಣ್ಣಾ?" ಎಂದು ಡಾಕ್ಟರು ಮರುವಾರ ಕೌಂಟರಿನಲ್ಲಿ ಕೇಳಿದರು. ಈಗ ಹೇಗಿದೆ ಎಂದು.

"ಮಸ್ತ್, ಡಾಕ್ಟರ್. ಏಕದಮ್ ಮಸ್ತ್."

ಮುಂದಿನ ವಾರವೂ ಮಸ್ತ್. ತಿಂಗಳಾದ ಮೇಲೂ ಮಸ್ತ್. ದೀಪಾವಳಿಗೆ ಡಾಕ್ಟರರ ಮನೆಯಿಂದ ಚಕ್ಕುಲಿ ಬಂತು. ಇವರು ಡಬ್ಬಿ ತೆರೆದು ನೋಡಿ ಮುಚ್ಚಿ ನನ್ನ ಕಡೆ ಸರಿಸಿದರು.

ಗೊತ್ತಾದದ್ದು ರೊಟ್ಟಿಯಿಂದ. ನಮ್ಮ ಮನೆಯಲ್ಲಿ ಭಾನುವಾರ ಕಟಕ್ ರೊಟ್ಟಿ. ಜೋಳದ ಹಿಟ್ಟಿನದು, ಹಪ್ಪಳದಂತೆ ಮುರಿಯುವಂಥದ್ದು. ಇಷ್ಟು ವರ್ಷಗಳಲ್ಲಿ ಇವರು ನನ್ನಿಂದ ಕಲಿತ ಒಂದೇ ಊಟ ಅದು. ಅದನ್ನು ಮೆತ್ತಗೆ ಮಾಡಿ ತಿನ್ನುವವರನ್ನು ಕಂಡರೆ ನಗುತ್ತಿದ್ದವರು ಅಂದು ರೊಟ್ಟಿಯನ್ನು ಚೂರು ಮಾಡಿ, ಬೇಳೆಯಲ್ಲಿ ಮುಳುಗಿಸಿ, ಕೂಸಿಗೆ ಕಲಸಿದ ಹಾಗೆ ಕಲಸಿ, ಮುಂದಿನ ಹಲ್ಲಿನಲ್ಲಿ ಮೊಲದ ಹಾಗೆ ಮೆಲ್ಲುತ್ತಿದ್ದರು.

"ಏನ್ರಿ ಇದು?" ಎಂದೆ.

"ಎಂತ? ಬೇಳೆ ಲಾಯ್ಕ್ ಆಗಿದೆ. ಅದಕ್ಕೆ."

"ಬಲಗಡೆ ಅಗದ ತೋರಸ್ರಿ ನೋಡೋಣು."

"ಊಟದ ಹೊತ್ತಿಗೆ ಬಾಯಿ ತೆಗೆದು ತೋರಿಸುದುಂಟಾ ಮಾರಾಯ್ತಿ."

"ನೋಯ್ಲಿಕ್ಕತ್ತದ ಹೌದಲ್ಲೊ? ಇಷ್ಟ ದಿನಾ ನೋಯ್ತನ ಅದ ಹೌದಲ್ಲೊ?"

ಬೇಳೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, "ಸ್ವಲ್ಪ ಉಂಟು" ಎಂದರು.

ಸ್ವಲ್ಪ ಅಲ್ಲ. ಈಗ ಬಿಸಿಯಿಂದಲೋ ತಣ್ಣಗಿನದರಿಂದಲೋ ಬರುವ ನೋವಲ್ಲ. ಅವು ತಾಗುತ್ತಲೇ ಇರಲಿಲ್ಲ. ಒತ್ತಿದರೆ ಮಾತ್ರ ನೋವು. ಕೆನ್ನೆಯ ಎಲುಬಿನ ಕೆಳಗೆ ಯಾರೋ ಹೆಬ್ಬೆರಳು ಇಟ್ಟು ತಳ್ಳಿದ ಹಾಗೆ. ಒತ್ತದೆ ಇದ್ದರೆ ಸುಮ್ಮನಿರುತ್ತದೆ. ಹಾಗಾಗಿ ಇವರು ಒತ್ತುವುದನ್ನೇ ಬಿಟ್ಟಿದ್ದರು. ಅಕ್ಕಿ ಕಾಳನ್ನು ಕಚ್ಚಿ ನೋಡುವುದನ್ನೂ ಬಿಟ್ಟಿದ್ದರು. ಬೆರಳಿನಲ್ಲಿ ಹಿಸುಕಿ, ಗಡಿಯಾರ ನೋಡಿ, ಅಂದಾಜಿನ ಮೇಲೆ ರುಬ್ಬಿಸುತ್ತಿದ್ದರು.

"ಡಾಕ್ಟರಿಗೆ ಹೇಳಬೇಕಿಲ್ಲೇನ್ರಿ?"

"ಹೇಳುದು ಹೇಗೆ? ಪಾಪ, ಅವರು ಬೆನ್ನು ಬಗ್ಗಿಸಿ ಅಷ್ಟು ಹೊತ್ತು ಮಾಡಿದ್ದಾರೆ. ಒಬ್ಬರು ಮಾಡಿ ಬಡಿಸಿದ್ದನ್ನು ಸರಿ ಇಲ್ಲ ಅಂತ ತಿರುಗಿ ಕಳಿಸುದಾ?"

ಇದು ನನಗೆ ಅರ್ಥವಾಗಲು ಧಾರವಾಡ ಸಾಲದು, ಹೋಟೆಲಿನವರ ಮನೆಗೆ ಮದುವೆಯಾಗಿ ಬರಬೇಕು. ಜೀವನವಿಡೀ ಕೌಂಟರಿನಲ್ಲಿ ಕುಳಿತವರಿಗೆ ಲೋಕದಲ್ಲಿ ಎರಡೇ ಜಾತಿಯ ಜನ: ತಿಂದು ಏಳುವವರು, ತಟ್ಟೆ ತಳ್ಳುವವರು. ಇವರು ಬೇರೆ ಹೋಟೆಲಿಗೆ ಹೋದರೆ ಉಪ್ಪಿಲ್ಲದ ಪಲ್ಯವನ್ನೂ ಪೂರ್ತಿ ತಿಂದು, ಮಾಣಿಯನ್ನು ಕರೆದು ಚೆನ್ನಾಗಿತ್ತು ಎನ್ನುತ್ತಾರೆ. ಕ್ಷೌರದವನು ಕಿವಿಯ ಮೇಲೆ ಗಾಯ ಮಾಡಿದರೂ ಕನ್ನಡಿ ನೋಡಿ ತಲೆಯಾಡಿಸುತ್ತಾರೆ. ಇನ್ನೊಬ್ಬರ ಕೈಕೆಲಸದ ಬಗ್ಗೆ ಇವರ ಬಾಯಲ್ಲಿ ಒಂದು ದೂರು ನಾನು ಕೇಳಿಲ್ಲ. ನನ್ನ ರೊಟ್ಟಿಯ ಬಗ್ಗೆ ಮೊದಲ ವರ್ಷಗಳಲ್ಲಿ ಹೇಳಿದ ಹೊಗಳಿಕೆಗಳೆಲ್ಲ ನನಗೆ ಅಂದು ಒಂದೊಂದಾಗಿ ನೆನಪಾದವು.

ಮರುದಿನ ಬೆಳಿಗ್ಗೆ ನಾನು ಲೋಕಲ್ ತಪ್ಪಿಸಿಕೊಂಡು ಹೋಟೆಲಿಗೆ ಹೋದೆ. ಡಾಕ್ಟರು ಗೋಡೆಯ ಪಕ್ಕದ ಟೇಬಲ್ಲಿನಲ್ಲಿದ್ದರು. ಎದುರಿಗೆ ಕುಳಿತು ನನ್ನ ಮರಾಠಿಯಲ್ಲಿ, ಅಂದರೆ ಯಾವ ಮುನ್ನುಡಿಯೂ ಇಲ್ಲದೆ, ಹೇಳಿಬಿಟ್ಟೆ. ಹಲ್ಲು ಗುಣವಾಗಿಲ್ಲ. ಮೊದಲ ದಿನದಿಂದಲೂ ಆಗಿಲ್ಲ. ನಿಮ್ಮ ಮನಸ್ಸಿಗೆ ಬೇಜಾರಾದೀತು ಅಂತ ಇವರು ಸುಳ್ಳು ಹೇಳುತ್ತಿದ್ದಾರೆ.

ನನ್ನ ನೆನಪಿನಲ್ಲಿ ಡಾಕ್ಟರು ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ಇವರ ಪ್ರಕಾರ ಅವರು ಇಡ್ಲಿ ಪೂರ್ತಿ ತಿಂದು, ಸಾಂಬಾರ್ ಬಟ್ಟಲನ್ನೂ ಖಾಲಿ ಮಾಡಿ, ಆಮೇಲೆ ತಲೆಯೆತ್ತಿದರು. ಎರಡರಲ್ಲಿ ಯಾವುದಾದರೂ ಇರಲಿ. ಮುಂದಿನದರ ಬಗ್ಗೆ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

"ಅಣ್ಣಾ, ಇಕಡೆ ಯಾ," ಎಂದು ಡಾಕ್ಟರು ಇವರನ್ನು ಕರೆದರು. ಇವರು ಕೌಂಟರ್ ಬಿಟ್ಟು ಬಂದು, ಹೆಡ್‌ಮಾಸ್ತರರ ಎದುರಿಗೆ ನಿಂತವರಂತೆ ನಿಂತರು.

"ನಿಜ ಹೇಳಿ. ನೋಯುತ್ತದಾ?"

"ಮಸ್ತ್ ಇದೆ, ಡಾಕ್ಟರ್... ಕಚ್ಚಿದರೆ ಮಾತ್ರ."

"ಹಲ್ಲು ಇರುವುದು ಮತ್ತೆ ಯಾತಕ್ಕೆ, ಅಣ್ಣಾ? ಫೋಟೋ ತೆಗೆಸಲಿಕ್ಕಾ?"

ಆಮೇಲೆ ಡಾಕ್ಟರು ತಟ್ಟೆಯನ್ನು ನೋಡುತ್ತ, ನಿಧಾನವಾಗಿ, ಹಾಗಿದ್ದರೆ ನಾನೂ ಒಂದು ಮಾತು ಹೇಳುತ್ತೇನೆ ಎಂದರು. "ದೀಪಾವಳಿಯ ಮೊದಲಿನಿಂದಲೂ ನಿಮ್ಮ ಇಡ್ಲಿಯಲ್ಲಿ ಮರಳಿದೆ."

ಇವರ ಮುಖ ಹೇಗಾಯಿತು ಎಂದು ಬರೆಯುವುದಿಲ್ಲ. ಬರೆದರೆ ನಾನು ಮಾಡಿದ ಮುಖವಾಗುತ್ತದೆ. ಇವರು ಹೇಳಿದ ಮಾತು ಮಾತ್ರ ಸರಿಯಾಗಿ ನೆನಪಿದೆ: "ಮತ್ತೆ ದಿನಾ ಛಾನ್ ಅಂತಿದ್ರಲ್ಲ?"

"ನೀವು ಮಸ್ತ್ ಅಂತಿದ್ದಿರಲ್ಲ."

ಡಾಕ್ಟರು ಮೊದಲು ನಕ್ಕರು. ಇವರು ನಗಲು ಸ್ವಲ್ಪ ಸಮಯ ಬೇಕಾಯಿತು. ಇಡ್ಲಿಯ ವಿಷಯ ಇವರಿಗೆ ಹಲ್ಲಿನ ವಿಷಯಕ್ಕಿಂತ ದೊಡ್ಡದು. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಸೈನಿಕರು ಯಾವುದನ್ನೂ ಗಮನಿಸದೆ ತಿನ್ನುತ್ತಿದ್ದರು. ಸೈನಿಕರು ದೂರು ಹೇಳುವುದಿಲ್ಲ. ಅದೇ ನಮ್ಮ ದುರದೃಷ್ಟ ಎಂದು ಇವರು ಆಮೇಲೆ ಹೇಳಿದರು.

ಮೇಲೆ ದವಾಖಾನೆಯಲ್ಲಿ ಡಾಕ್ಟರು ಇನ್ನೊಂದು ಎಕ್ಸ್-ರೇ ತೆಗೆದರು. ಮೂರು ಬಿಳಿ ಗೆರೆ, ಮೊದಲಿನ ಹಾಗೆಯೇ. ಬೇರಿನ ತುದಿಯ ಹತ್ತಿರ ಕೆನ್ನೆಯ ಎಲುಬಿನ ನೆರಳು ಬಿದ್ದು ಎಲ್ಲ ಬೂದುಬೂದಾಗಿತ್ತು. ಇದರಲ್ಲಿ ನನಗೆ ಏನೂ ಕಾಣುತ್ತಿಲ್ಲ, ಕಾಣದೆ ಕೊರೆಯುವುದಿಲ್ಲ ಎಂದರು. ಮೂರು ಆಯಾಮದ ಸ್ಕ್ಯಾನ್ ಮಾಡಿಸಿ. ಕಾರಣ ಸಿಕ್ಕರೆ ಮತ್ತೆ ತೆರೆದು ಸರಿಮಾಡೋಣ. ಸಿಗದಿದ್ದರೆ, ಅಥವಾ ಬೇರು ಸೀಳಿದ್ದರೆ, ಹಲ್ಲನ್ನು ತೆಗೆಯಬೇಕಾಗುತ್ತದೆ. ಆ ಜಾಗದಲ್ಲಿ ಎಲುಬಿಗೆ ಸ್ಕ್ರೂ ಕೂರಿಸಿ ಹೊಸ ಹಲ್ಲು ಹಾಕಬಹುದು, ಗಟ್ಟಿಯಾಗಿರುತ್ತದೆ.

"ಅದಕ್ಕೆ ತರಿ ಗೊತ್ತಾಗ್ತದಾ?" ಎಂದು ಇವರು ಕೇಳಿದರು.

ಡಾಕ್ಟರು ಯೋಚಿಸಿದರು. ಸುಳ್ಳು ಹೇಳುವ ಕಾಲ ಮುಗಿದಿತ್ತಲ್ಲ. ಇಲ್ಲ, ಇದರಷ್ಟು ಗೊತ್ತಾಗುವುದಿಲ್ಲ ಎಂದರು. ಸ್ವಂತ ಹಲ್ಲಿನ ಬೇರಿನ ಸುತ್ತ ತೆಳುವಾದ ಒಂದು ಪದರ ಇರುತ್ತದೆ. ಒಳಗಿನ ನರ ತೆಗೆದರೂ ಆ ಪದರ ಬದುಕಿರುತ್ತದೆ; ಹಲ್ಲಿನ ಕೆಳಗೆ ಕೂದಲು ಬಂದರೂ ಹೇಳುವುದು ಅದೇ. ಸ್ಕ್ರೂಗೆ ಆ ಪದರ ಇಲ್ಲ. ನೇರ ಎಲುಬಿಗೆ ಅಂಟಿರುತ್ತದೆ.

"ಅಂದರೆ ಅಗಿಯಬಹುದು. ಓದ್ಲಿಕ್ಕೆ ಆಗುದಿಲ್ಲ," ಎಂದು ಇವರು ನನಗೆ ಕನ್ನಡದಲ್ಲಿ ಹೇಳಿದರು.

ಸ್ಕ್ಯಾನ್ ಕೇಂದ್ರ ಶಿವಾಜಿನಗರದಲ್ಲಿ. ಲೋಕಲ್‌ನಲ್ಲಿ ನನ್ನ ಜೊತೆ ಇವರು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಹೋಟೆಲಿನವರಿಗೆ ಬೆಳಗಿನ ಹೊತ್ತು ಊರು ಹೇಗಿರುತ್ತದೆ ಎಂದು ಗೊತ್ತಿರುವುದಿಲ್ಲ. ಕಿಟಕಿಯ ಪಕ್ಕ ಕುಳಿತು ಪ್ರತಿ ನಿಲ್ದಾಣದಲ್ಲೂ ಹತ್ತುವವರ ಕೈಯಲ್ಲಿನ ಡಬ್ಬಿಗಳನ್ನೇ ನೋಡುತ್ತಿದ್ದರು. ಇಷ್ಟು ಜನ ಮನೆಯಿಂದಲೇ ತರುತ್ತಾರಾ ಎಂದು ಸ್ವಲ್ಪ ನೊಂದುಕೊಂಡು ಕೇಳಿದರು.

"ನಾನೂ ತರ್ತೇನಿ," ಎಂದೆ.

"ನೀನು ಬಿಡು. ನೀನು ಮನೆಯವಳು."

ಕೇಂದ್ರದ ಯಂತ್ರ ನಾನು ಊಹಿಸಿದ್ದಕ್ಕಿಂತ ಚಿಕ್ಕದು. ಒಳಗೆ ತೂರಿಸುವ ಕೊಳವೆಯಲ್ಲ; ಒಂದು ಕಂಬ, ಅದರಿಂದ ಚಾಚಿದ ತೋಳು, ಗಲ್ಲ ಊರಲು ಒಂದು ಹಲಗೆ. ಯಂತ್ರ ನಡೆಸುವ ಹುಡುಗಿ ಇವರ ಕನ್ನಡಕ, ಕತ್ತಿನ ಸರ ತೆಗೆಸಿ ನನ್ನ ಕೈಗೆ ಕೊಟ್ಟಳು. ಮುಂದಿನ ಹಲ್ಲುಗಳ ನಡುವೆ ಒಂದು ಪ್ಲಾಸ್ಟಿಕ್ ಕಡ್ಡಿ ಕಚ್ಚಿಸಿದಳು.

"ಕಾಕಾ, ಹಲಾಯಚಂ ನಾಹೀ. ಅಲ್ಲಾಡಬಾರದು. ಬೋಲಾಯಚಂ ಪಣ ನಾಹೀ. ಸರಿಯಾಗಿದ್ದೀರಾ?"

ಮಾತಾಡಬೇಡಿ ಎಂದು ಹೇಳಿ ಆಕೆ ಪ್ರಶ್ನೆ ಕೇಳಿದ್ದಳು. ಕಡ್ಡಿ ಕಚ್ಚಿಕೊಂಡೇ, ಗಲ್ಲ ಹಲಗೆಗೆ ಒತ್ತಿಕೊಂಡೇ, ಇವರು ಹೆಬ್ಬೆರಳು ಎತ್ತಿ ತೋರಿಸಿದರು. ಮಸ್ತ್.

ತೋಳು ಇವರ ತಲೆಯ ಸುತ್ತ ಒಂದು ಸುತ್ತು ತಿರುಗಿತು. ದೇವರಿಗೆ ಪ್ರದಕ್ಷಿಣೆ ಹಾಕುವವರಷ್ಟೇ ನಿಧಾನ. ಗಾಜಿನ ಈಚೆಯಿಂದ ನೋಡುತ್ತಿದ್ದ ನನಗೆ ಕಾಳಜಿಯಾಗಬೇಕಿತ್ತು. ಆಗಲಿಲ್ಲ. ಕನ್ನಡಕವಿಲ್ಲದ ಆ ಮುಖವನ್ನು ಹಗಲು ಬೆಳಕಿನಲ್ಲಿ ಇಷ್ಟು ಹೊತ್ತು ಸುಮ್ಮನೆ ನೋಡುವ ಅವಕಾಶ ಸಿಕ್ಕಿತೆಂದು ಒಂದು ಬಗೆಯ ಸಂತೋಷವೇ ಆಯಿತು. ಅಷ್ಟರಲ್ಲಿ ಮುಗಿಯಿತು.

ಮರುದಿನ ಡಾಕ್ಟರು ತಮ್ಮ ಕಂಪ್ಯೂಟರಿನಲ್ಲಿ ಅದನ್ನು ತೆರೆದು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಪರದೆಯ ಮೇಲೆ ಇವರ ದವಡೆ ಬೂದುಬಣ್ಣದ ಹೋಳುಗಳಾಗಿ ಹರಿಯುತ್ತಿತ್ತು. ಮೌಸಿನ ಚಕ್ರ ತಿರುಗಿಸಿದಂತೆ ಒಂದೊಂದೇ ಹೋಳು ಕೆಳಗಿನಿಂದ ಮೇಲಕ್ಕೆ. ನಾನು ವಿದ್ಯಾರ್ಥಿಗಳಿಗೆ ಸಮೋನ್ನತಿ ರೇಖೆಗಳ ನಕಾಶೆ ಕೊಟ್ಟು, ಇದನ್ನು ಇಲ್ಲಿಂದ ಇಲ್ಲಿಗೆ ಸೀಳಿದರೆ ಬೆಟ್ಟ ಹೇಗೆ ಕಾಣುತ್ತದೆ ಬರೆಯಿರಿ ಎನ್ನುತ್ತೇನೆ. ಹಾಗಾಗಿ ನನಗೆ ಅದು ಅಪರಿಚಿತವೆನಿಸಲಿಲ್ಲ. ಹಲ್ಲಿನ ತಲೆ ಮೊದಲು ಒಂದೇ ಬಿಳಿ ದ್ವೀಪ. ಚಕ್ರ ತಿರುಗಿದಂತೆ ಅದು ಒಡೆದು ಮೂರು ದ್ವೀಪಗಳಾದವು. ಅವೇ ಮೂರು ಬೇರು. ಅವುಗಳ ಮೇಲೆ ಮೂಗಿನ ಪಕ್ಕದ ಕುಳಿ, ಕಪ್ಪಗೆ ಕೆರೆಯ ಹಾಗೆ.

"ಹೇ ಬಘಾ," ಎಂದು ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. ಎರಡು ಬೇರುಗಳಲ್ಲಿ ತುಂಬಿದ ಬಿಳಿ ಚುಕ್ಕೆ ಸರಿಯಾಗಿ ನಡುವೆ ಇತ್ತು. ಕೆನ್ನೆಯ ಕಡೆಯ, ಮುಂದಿನ ಬೇರು ಮಾತ್ರ ದುಂಡಗಿರಲಿಲ್ಲ. ಸಿಪ್ಪೆಯ ಶೇಂಗಾದ ಹಾಗೆ ಉದ್ದಕ್ಕೆ, ನಡುವೆ ಸ್ವಲ್ಪ ಸೊಂಟ. ಬಿಳಿ ಚುಕ್ಕೆ ಅದರ ಒಂದು ತುದಿಯಲ್ಲಿತ್ತು. ಒಂದೇ ನಾಳವಿದ್ದರೆ ಚುಕ್ಕೆ ನಡುವೆ ಇರಬೇಕು. ಪಕ್ಕಕ್ಕಿದೆ ಎಂದರೆ ಆಚೆ ತುದಿಯಲ್ಲಿ ಇನ್ನೊಂದಿದೆ ಎಂದರು. ಚಕ್ರವನ್ನು ಹಿಂದೆ ಮುಂದೆ ಮಾಡಿದರು. ಆಚೆ ತುದಿಯಲ್ಲಿ ಪೆನ್ಸಿಲಿನಿಂದ ಮುಟ್ಟಿ ಬಿಟ್ಟಂತೆ ಒಂದು ಕಪ್ಪು ಚುಕ್ಕೆ. ಮುಂದಿನ ಹೋಳಿನಲ್ಲೂ ಇತ್ತು. ಅದರ ಮುಂದಿನದರಲ್ಲೂ. ಬೇರಿನ ತುದಿಗೆ ಬಂದಾಗ ಎಲುಬಿನಲ್ಲಿ ಕಡಲೆಯಷ್ಟು ಕತ್ತಲು: ಕೀವು ಕೂತ ಜಾಗ.

ನಾಲ್ಕನೆಯ ನಾಳ. ಮುಟ್ಟದೆ, ತೊಳೆಯದೆ ಉಳಿದದ್ದು.

"ಫೋಟೋದಲ್ಲಿ ಯಾಕೆ ಕಾಣ್ಲಿಲ್ಲ?" ಎಂದು ಇವರು ಕೇಳಿ, ಡಾಕ್ಟರು ಬಾಯಿ ತೆರೆಯುವ ಮೊದಲೇ ತಾವೇ ಉತ್ತರ ಹೇಳಿದರು. "ಒಂದರ ಹಿಂದೆ ಒಂದು ನಿಂತಿದೆ ಅಲ್ವಾ? ಕೌಂಟರಿನಲ್ಲಿ ಕೂತವನಿಗೆ ಸಾಲಿನ ಮೊದಲನೆಯವ ಮಾತ್ರ ಕಾಣುದು. ಹಿಂದಿನವ ಸಪೂರ ಇದ್ದರೆ ಇದ್ದಾನೆಂತಲೇ ಗೊತ್ತಾಗುದಿಲ್ಲ."

ಡಾಕ್ಟರು ನಗಲಿಲ್ಲ. ಈ ಹಲ್ಲಿನಲ್ಲಿ ಹೀಗೆ ಇರುವುದು ಅಪರೂಪವಲ್ಲ, ಹುಡುಕಿದ್ದೆ, ಸಿಗಲಿಲ್ಲ, ಇಲ್ಲವೆಂದುಕೊಂಡೆ ಎಂದರು. ಆಮೇಲೆ ಮೆಲ್ಲಗೆ, "ಮಾಝೀ ಚೂಕ, ಅಣ್ಣಾ." ತಪ್ಪು ನನ್ನದು.

"ಛೆ ಛೆ, ನಿಮ್ಮದಲ್ಲ, ಡಾಕ್ಟರ್. ಹಲ್ಲಿನದು. ಅದು ಅಡಗಿ ಕೂತರೆ ನೀವೆಂತ ಮಾಡುದು?" ಎಂದು ಇವರು ಹಲ್ಲಿನ ಪರವಾಗಿ ಕ್ಷಮೆ ಕೇಳಿದರು.

ನೆನಪೂ ಹೀಗೆಯೇ, ಚಪ್ಪಟೆ ಚಿತ್ರದಲ್ಲಿ ಒಂದರ ಹಿಂದೆ ಒಂದು ಅಡಗಿರುತ್ತದೆ ಎಂಬ ವಾಕ್ಯ ಇಲ್ಲಿ ಬರೆಯುವಂತೆ ಕೈಯನ್ನು ಎಳೆಯುತ್ತಿದೆ. ಬರೆಯುವುದಿಲ್ಲ. ನೆನಪಿನ ಸುತ್ತ ಯಾವ ತೋಳೂ ತಿರುಗುವುದಿಲ್ಲ. ಮೂರು ದಿಕ್ಕಿನಿಂದ ನೋಡಿದರೂ ಆ ಚಿಕ್ಕಿ ತಿಂದದ್ದೋ ಇಲ್ಲವೋ ಎಂದು ನನಗೆ ಇಂದಿಗೂ ತಿಳಿದಿಲ್ಲ. ಹಲ್ಲು ಹಲ್ಲೇ. ಅದರೊಳಗೆ ಒಂದು ನಾಳ ಇತ್ತು, ಅದನ್ನು ಯಂತ್ರ ಕಂಡಿತು. ನನಗೆ ಅಷ್ಟೇ ಸಾಕಷ್ಟು ಆಶ್ಚರ್ಯ.

ಕಂಡರೆ ಕೆಲಸ ಆದಂತಲ್ಲ. ನಾಳದ ಬಾಯಿ ಗಟ್ಟಿ ಪದರದ ಕೆಳಗೆ ಹೂತಿದೆ, ಬಹಳ ಸಣ್ಣದು, ಸ್ಕ್ಯಾನ್ ತೋರಿಸಿದ ದಿಕ್ಕಿನಲ್ಲಿ ಕೂದಲು ಕೂದಲಾಗಿ ಕೆರೆಯುತ್ತ ಹೋಗಬೇಕು. ಹೆಚ್ಚು ಕೆರೆದರೆ ಬೇರಿಗೇ ತೂತು ಬೀಳುತ್ತದೆ. ಬಿದ್ದರೆ ಹಲ್ಲು ಹೋಯಿತು. ಸಿಗದಿದ್ದರೂ ಹೋಯಿತು. ಡಾಕ್ಟರು ಇದನ್ನೆಲ್ಲ ಇವರಿಗೆ ಹೇಳಿ, ಆಮೇಲೆ ನನ್ನ ಕಡೆ ತಿರುಗಿದರು.

"ವಹಿನಿ, ನೀವು ಒಳಗೇ ಇರಬೇಕು. ನೋಯುತ್ತಿದೆಯೋ ಇಲ್ಲವೋ ಇವರು ನನಗೆ ಹೇಳುವುದಿಲ್ಲ. ನಿಮಗೆ ಹೇಗೆ ಗೊತ್ತಾಗುತ್ತದೆ?"

"ಕಾಲಿನ ಬೆರಳು," ಎಂದೆ. ಯೋಚಿಸದೆ ಬಂದ ಉತ್ತರ. ನೋವಾದರೆ ಇವರ ಮುಖ ಬದಲಾಗುವುದಿಲ್ಲ. ಎಡಗಾಲಿನ ಹೆಬ್ಬೆರಳು ಒಳಕ್ಕೆ ಮಡಚಿಕೊಳ್ಳುತ್ತದೆ. ಇದು ನನಗೆ ಗೊತ್ತಿದೆ ಎಂದು ನನಗೇ ಆವರೆಗೆ ಗೊತ್ತಿರಲಿಲ್ಲ.

ಹೀಗೆ ನಾನು ಒಂದು ಮಧ್ಯಾಹ್ನ ಸ್ಟೂಲಿನ ಮೇಲೆ ಕುಳಿತು, ಸಾಕ್ಸು ಬಿಚ್ಚಿಸಿದ ಗಂಡನ ಕಾಲನ್ನು ಕಾಯುತ್ತಿದ್ದೆ. ಬಾಯಿಯ ಕಡೆ ನೋಡಲಿಲ್ಲ. ಡಾಕ್ಟರು ಕಣ್ಣಿಗೆ ದುರ್ಬೀನಿನಂಥ ಕನ್ನಡಕ ಕಟ್ಟಿಕೊಂಡಿದ್ದರು. ಪಕ್ಕದ ಪರದೆಯಲ್ಲಿ ಆ ಶೇಂಗಾ ಆಕಾರದ ಹೋಳು ನಿಂತಿತ್ತು. ಸಣ್ಣಗೆ ಸುಂಯ್ ಎಂಬ ಸದ್ದು, ನೀರು ಹೀರುವ ಸದ್ದು, ಕೆಳಗಿನಿಂದ ಏರಿ ಬರುವ ಒಗ್ಗರಣೆಯ ವಾಸನೆ. ಡಾಕ್ಟರು ಪರದೆ ನೋಡುತ್ತಾರೆ, ಬಗ್ಗುತ್ತಾರೆ, ಕೆರೆಯುತ್ತಾರೆ, ಸೂಜಿಯಂಥದ್ದನ್ನು ಇಳಿಸಿ ನೋಡುತ್ತಾರೆ. ಇಲ್ಲ. ಮತ್ತೆ ಪರದೆ.

"ಬೆರಳು!" ಎಂದೆ ಒಮ್ಮೆ. ಡಾಕ್ಟರು ಕೈ ನಿಲ್ಲಿಸಿ ಇನ್ನೊಂದು ಇಂಜೆಕ್ಷನ್ ಕೊಟ್ಟರು. ಇವರು ಮಲಗಿದ್ದಲ್ಲಿಂದ ನನ್ನ ಕಡೆ ಚಾಡಿ ಹೇಳಿದವಳನ್ನು ನೋಡಿದಂತೆ ನೋಡಿದರು.

ಎಷ್ಟು ಹೊತ್ತಾಯಿತೋ ತಿಳಿಯದು. ಡಾಕ್ಟರು ಒಮ್ಮೆ ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿಕೊಂಡು, ಇನ್ನು ಸ್ವಲ್ಪವೇ ಹೋಗಬಹುದು, ಅಲ್ಲಿಂದ ಮುಂದೆ ನಾನು ಹೋಗುವುದಿಲ್ಲ ಎಂದರು. ನನ್ನ ಕೈ ಆಗ ಇವರ ಕಾಲಿನ ಮೇಲಿತ್ತು ಎಂದು ಇವರು ಹೇಳುತ್ತಾರೆ. ಇದ್ದಿರಬಹುದು. ಮತ್ತೆ ಸುಂಯ್ ಸದ್ದು. ನಿಂತಿತು. ಸೂಜಿ ಇಳಿಯಿತು. ಡಾಕ್ಟರು ಅದನ್ನು ಬಿಟ್ಟು ಕೈ ತೆಗೆದರು, ಅದು ಬೀಳಲಿಲ್ಲ. ಹಿಡಿದುಕೊಂಡು ನೆಟ್ಟಗೆ ನಿಂತಿತು.

"ಸಾಪಡ್ಲಾ," ಎಂದರು, ಕಳೆದುಹೋದ ಮಗುವನ್ನು ಜಾತ್ರೆಯಲ್ಲಲ್ಲ, ಪಕ್ಕದ ಮನೆಯಲ್ಲೇ ಕಂಡವರ ಹಾಗೆ, ದಣಿದು, ಸ್ವಲ್ಪ ಸಿಟ್ಟಿನಿಂದ. ಸಿಕ್ಕಿತು.

ಅಂದು ಅದನ್ನು ತೊಳೆದು, ಔಷಧಿ ತುಂಬಿ, ತಾತ್ಕಾಲಿಕವಾಗಿ ಮುಚ್ಚಿದರು. ಕೆಲವು ವಾರಗಳ ಮೇಲೆ ಮತ್ತೆ ತೆರೆದು ಪೂರ್ತಿ ತುಂಬಿದರು. ಎಲುಬಿನ ಆ ಕತ್ತಲು ತುಂಬಿಕೊಳ್ಳಲು ತಿಂಗಳುಗಳು ಬೇಕು. ನೋವು ಮಾತ್ರ ಮೊದಲೇ ಹೋಗಬೇಕು, ಹೋಗದಿದ್ದರೆ ಮತ್ತೆ ಯೋಚಿಸಬೇಕು ಎಂದರು. ನೋವು ಹೋಗಿದೆಯೇ ಎಂದು ಇವರನ್ನು ಕೇಳಿ ಪ್ರಯೋಜನವಿಲ್ಲವೆಂದು ನಮ್ಮಿಬ್ಬರಿಗೂ ತಿಳಿದಿತ್ತು. ನಾನು ಕೇಳಲಿಲ್ಲ. ಕಾದೆ.

ಒಂದು ಬೆಳಿಗ್ಗೆ ಲೋಕಲ್‌ಗೆ ಹೊರಟವಳು ಹೋಟೆಲಿನ ಮುಂದೆ ಹಾದು ಹೋಗುವಾಗ ಒಳಗಿನಿಂದ ಇವರ ಧ್ವನಿ ಕೇಳಿತು. ಗ್ರೈಂಡರಿನವನನ್ನು ಬೈಯುತ್ತಿದ್ದರು. "ಇದನ್ನು ಹಿಟ್ಟು ಅಂತಾರಾ? ಬಾಯಲ್ಲಿ ಜಲ್ಲಿ ಸಿಗ್ತಾ ಉಂಟು! ಇನ್ನೊಂದು ಸುತ್ತು ಬಿಡು ಮಾರಾಯ." ನಾನು ಒಳಗೆ ಹೋಗಲಿಲ್ಲ. ಸ್ಟೇಷನ್ನಿನವರೆಗೂ ನಗುತ್ತ ಹೋದೆ. ಎದುರಿಗೆ ಬಂದ ಯಾರೋ ಪರಿಚಯದವಳೆಂದು ತಿಳಿದು ತಾವೂ ನಕ್ಕರು.

ಇನ್ನು ಉಳಿದದ್ದು ಹೊಸ ಕ್ಯಾಪ್. ಅದನ್ನು ಕೂರಿಸುವ ದಿನ ನಾನೂ ಮೇಲೆ ಹೋದೆ, ಕಾಲು ಕಾಯಲು ಅಲ್ಲ, ಸುಮ್ಮನೆ. ಕ್ಯಾಪ್ ಇಟ್ಟು, ನೀಲಿ ಕಾಗದದ ಚೂರೊಂದನ್ನು ಹಲ್ಲುಗಳ ನಡುವೆ ಕಚ್ಚಿಸಿ, ಎಲ್ಲಿ ಹೆಚ್ಚು ತಾಗುತ್ತದೋ ಅಲ್ಲಿ ಬಿದ್ದ ನೀಲಿ ಗುರುತನ್ನು ಡಾಕ್ಟರು ಉಜ್ಜುತ್ತಾರೆ. ಆದರೆ ಕಾಗದ ಎಲ್ಲವನ್ನೂ ಹೇಳುವುದಿಲ್ಲ, ಕೊನೆಯದನ್ನು ಕಚ್ಚುವವರೇ ಹೇಳಬೇಕು. ಕ್ಯಾಪ್ ಕೂದಲೆಳೆಯಷ್ಟು ಎತ್ತರವಿದ್ದರೂ ಆ ಬೇರು ದಿನವೂ ಪೆಟ್ಟು ತಿಂದು ಮತ್ತೆ ನೋಯಲು ಶುರುವಾಗುತ್ತದೆ, ಇಷ್ಟು ಮಾಡಿದ್ದೆಲ್ಲ ವ್ಯರ್ಥ ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ಈಗ ಹೇಗಿದೆ, ಅಣ್ಣಾ?"

ಇವರು ಕಚ್ಚಿದರು. ಬಲಕ್ಕೆ, ಎಡಕ್ಕೆ ಅರೆದರು. ಬಾಯಿ ಮ ಎಂಬ ಅಕ್ಷರಕ್ಕೆ ಸಿದ್ಧವಾದದ್ದನ್ನು ನಾನು ಕಂಡೆ. ಡಾಕ್ಟರೂ ಕಂಡರು.

"ಎತ್ತರ ಇದೆ," ಎಂದರು ಇವರು. ಹೇಳಿ, ತಾವೇ ಸ್ವಲ್ಪ ಬೆವರಿದರು.

ಡಾಕ್ಟರು ಉಜ್ಜಿದರು. ಈಗ? ಇನ್ನೂ ಇದೆ, ಹಿಂದಿನ ಮೂಲೆಯಲ್ಲಿ. ಉಜ್ಜಿದರು. ಈಗ? ಈಗ ಮುಂದೆ. ಮತ್ತೆ ನೀಲಿ ಕಾಗದ, ಮತ್ತೆ ಉಜ್ಜುವಿಕೆ. ಕೊನೆಗೊಮ್ಮೆ ಇವರು ಬಹಳ ಹೊತ್ತು ಹಲ್ಲು ಸೇರಿಸಿ ಕುಳಿತು, ತಲೆಯಾಡಿಸಿದರು. ಡಾಕ್ಟರು ಕ್ಯಾಪನ್ನು ಅಂಟಿಸಿ, ಒಣಗಿದ ಮೇಲೆ ಬಾಯಿ ತೊಳೆಸಿ, ಕೈಗವಸು ತೆಗೆದು ಬುಟ್ಟಿಗೆ ಹಾಕಿದರು.

ಮೆಟ್ಟಿಲು ಇಳಿಯುತ್ತ ಅರ್ಧಕ್ಕೆ ಬಂದಾಗ ಇವರು ನಿಂತರು. ಬಾಯಿ ಮುಚ್ಚಿ ದವಡೆ ಅಲ್ಲಾಡಿಸಿದರು. ಕೆಳಗೆ ಯಾರೋ ಬಿಲ್ಲಿಗಾಗಿ ಕಾಯುತ್ತಿದ್ದರು.

"ಏನಾತ್ರಿ?"

"ಎಂತ ಇಲ್ಲ. ಒಂದು ಚೂರು... ಇರ್ಲಿ, ಅವರು ಕೈ ತೊಳೆದಾಯ್ತು."

ಇವರು ಇನ್ನೊಂದು ಮೆಟ್ಟಿಲು ಇಳಿದರು. ಮತ್ತೆ ನಿಂತರು. ಆಮೇಲೆ ನನ್ನನ್ನು ಗೋಡೆಯ ಕಡೆ ಸರಿಸಿ, ಬಂದ ದಾರಿಯಲ್ಲೇ ಮೇಲೆ ಹತ್ತಿ, ದವಾಖಾನೆಯ ಬಾಗಿಲು ತಳ್ಳಿ, "ಡಾಕ್ಟರ್, ಇನ್ನೂ ಸ್ವಲ್ಪ ಇದೆ," ಎಂದರು. ಕೆಳಗಿನ ಗಿರಾಕಿಗೂ ಕೇಳುವಷ್ಟು ಜೋರಾಗಿ.